ಕರೆಯಿಂದ ಕೋರ್ಟಿನವರೆಗೆ: ಅಮೆರಿಕದ ಫಾಸ್ಟರ್ ಕೇರ್‌ನಲ್ಲಿ ಬಣ್ಣದ ಲೆಕ್ಕ

ಅಮೆರಿಕದ ಮಕ್ಕಳಲ್ಲಿ ಕಪ್ಪು ವರ್ಣೀಯರು ನೂರಕ್ಕೆ ಸುಮಾರು 14. ಹೆತ್ತವರಿಂದ ಬೇರ್ಪಡಿಸಿ ಸರ್ಕಾರದ ಸುಪರ್ದಿಯಲ್ಲಿಟ್ಟ ಮಕ್ಕಳಲ್ಲಿ, ಅಂದರೆ ಫಾಸ್ಟರ್ ಕೇರ್‌ನಲ್ಲಿ, ಅವರು ನೂರಕ್ಕೆ 22. ಇದು 2021ರ ಲೆಕ್ಕ. ಆ ವರ್ಷದ ಸೆಪ್ಟೆಂಬರ್ 30ರಂದು ಒಟ್ಟು 3.91 ಲಕ್ಷ ಮಕ್ಕಳು ಈ ವ್ಯವಸ್ಥೆಯೊಳಗಿದ್ದರು. ಮೂಲನಿವಾಸಿ ಮಕ್ಕಳು ಜನಸಂಖ್ಯೆಯಲ್ಲಿ ನೂರಕ್ಕೆ 1, ಇಲ್ಲಿ 2.

ಈ ಅಂಕಿಗಳನ್ನು ಮುಂದಿಟ್ಟ ಕೂಡಲೇ ಎರಡು ಉತ್ತರಗಳು ಬರುತ್ತವೆ. ಅಧಿಕಾರಿಗಳಿಗೆ ಬಣ್ಣದ ಪೂರ್ವಗ್ರಹ ಎನ್ನುವುದು ಒಂದು. ಬಡತನ ಎಲ್ಲಿ ಹೆಚ್ಚೋ ಅಲ್ಲಿ ಮಕ್ಕಳ ಕಷ್ಟವೂ ಹೆಚ್ಚು, ಅಷ್ಟೇ ಎನ್ನುವುದು ಇನ್ನೊಂದು. ಎರಡಕ್ಕೂ ಸಾಕ್ಷ್ಯವಿದೆ, ಎರಡರಲ್ಲಿ ಯಾವುದೊಂದೂ ಇಡೀ ಅಂತರವನ್ನು ವಿವರಿಸುವುದಿಲ್ಲ. ಮಗು ಮನೆಯಿಂದ ಫಾಸ್ಟರ್ ಕೇರ್‌ಗೆ ಹೋಗುವ ದಾರಿಯಲ್ಲಿ ಐದಾರು ಬಾಗಿಲುಗಳಿವೆ. ಪ್ರತಿ ಬಾಗಿಲಲ್ಲೂ ಯಾರೋ ಒಬ್ಬರು ಕೂತು ತೀರ್ಮಾನ ಮಾಡುತ್ತಾರೆ. ಯಾವ ಬಾಗಿಲಲ್ಲಿ ಎಷ್ಟು ಅಂತರ ಹುಟ್ಟಿತು ಎಂದು ನೋಡದೆ ಕಾರಣವೂ ತಿಳಿಯದು, ಮದ್ದೂ ಸಿಗದು.

ಲೆಕ್ಕ ಹಾಕುವ ಬಗೆ

ಮೊದಲು ಒಂದು ಗೊಂದಲ ಕಳೆದುಬಿಡೋಣ. ಫಾಸ್ಟರ್ ಕೇರ್ ಎಂದರೆ ದತ್ತು ಅಲ್ಲ. ಕೋರ್ಟು ಮಗುವಿನ ಸುಪರ್ದಿಯನ್ನು ತಾತ್ಕಾಲಿಕವಾಗಿ ರಾಜ್ಯಕ್ಕೆ ಒಪ್ಪಿಸುತ್ತದೆ. ಮಗು ಲೈಸೆನ್ಸ್ ಪಡೆದ ಅಪರಿಚಿತರ ಮನೆಯಲ್ಲೋ, ಅಜ್ಜಿ ಅಥವಾ ಚಿಕ್ಕಮ್ಮನ ಮನೆಯಲ್ಲೋ, ಹಲವು ಮಕ್ಕಳನ್ನು ಒಟ್ಟಿಗೆ ಇಡುವ ವಸತಿಯಲ್ಲೋ ಇರುತ್ತದೆ. ತಂದೆ ತಾಯಿಯ ಹಕ್ಕು ಆಗಿನ್ನೂ ಪೂರ್ತಿ ಹೋಗಿರುವುದಿಲ್ಲ. ವ್ಯವಸ್ಥೆಯಿಂದ ಹೊರಬರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೆತ್ತವರ ಬಳಿಗೇ ಮರಳುತ್ತಾರೆ.

ಅಂತರ ಅಳೆಯುವ ಸರಳ ದಾರಿ ಭಾಗಾಕಾರ. ಫಾಸ್ಟರ್ ಕೇರ್‌ನಲ್ಲಿನ ಪಾಲನ್ನು ಜನಸಂಖ್ಯೆಯಲ್ಲಿನ ಪಾಲಿನಿಂದ ಭಾಗಿಸಿ. ಕಪ್ಪು ಮಕ್ಕಳಿಗೆ 22 ಭಾಗಿಸು 14, ಅಂದರೆ 1.57. ಬಿಳಿಯ ಮಕ್ಕಳು ಜನಸಂಖ್ಯೆಯಲ್ಲಿ ಸುಮಾರು 50, ಫಾಸ್ಟರ್ ಕೇರ್‌ನಲ್ಲಿ 43, ಅವರಿಗೆ 0.86. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.8. ಬಿಳಿಯ ಮಗುವಿಗೆ ಹೋಲಿಸಿದರೆ ಕಪ್ಪು ಮಗು ಆ ದಿನ ಫಾಸ್ಟರ್ ಕೇರ್‌ನಲ್ಲಿರುವ ಸಂಭವ 1.8 ಪಟ್ಟು ಎಂದು ಇದರ ಅರ್ಥ.

'ಆ ದಿನ' ಎಂಬ ಮಾತನ್ನು ಹಗುರವಾಗಿ ಬಿಡುವಂತಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಇವತ್ತು ಮಲಗಿರುವವರನ್ನು ಎಣಿಸಿದರೆ ತಿಂಗಳುಗಟ್ಟಲೆ ಉಳಿದವರೇ ಹೆಚ್ಚಾಗಿ ಕಾಣುತ್ತಾರೆ, ಎರಡು ದಿನಕ್ಕೆ ಬಂದು ಹೋದವರು ಲೆಕ್ಕಕ್ಕೇ ಸಿಗುವುದಿಲ್ಲ. ಒಂದು ದಿನದ ಎಣಿಕೆಯಲ್ಲಿ ಒಳಗೆ ಬಂದವರು ಹೆಚ್ಚೋ, ಬಂದವರು ಹೊರಗೆ ಹೋಗದೆ ಉಳಿದದ್ದು ಹೆಚ್ಚೋ ಎಂಬುದು ಬೆರೆತುಹೋಗಿರುತ್ತದೆ. ಅದಕ್ಕೇ ಬಾಲ್ಯವಿಡೀ ಲೆಕ್ಕ ಹಾಕುವ ಇನ್ನೊಂದು ಕ್ರಮವಿದೆ. 2014ರಲ್ಲಿ ಪ್ರಕಟವಾದ ಅಂದಾಜಿನಂತೆ, 18 ತುಂಬುವುದರೊಳಗೆ ಒಮ್ಮೆಯಾದರೂ ಫಾಸ್ಟರ್ ಕೇರ್ ಕಾಣುವವರು ಎಲ್ಲ ಮಕ್ಕಳಲ್ಲಿ ನೂರಕ್ಕೆ 5.9, ಕಪ್ಪು ಮಕ್ಕಳಲ್ಲಿ 11.5, ಮೂಲನಿವಾಸಿ ಮಕ್ಕಳಲ್ಲಿ 15.4. ತನಿಖೆಯ ಮಟ್ಟದಲ್ಲಿ ನೋಡಿದರೆ ಸಂಖ್ಯೆ ಬೆಚ್ಚಿಬೀಳಿಸುತ್ತದೆ: 2017ರ ಅಧ್ಯಯನವೊಂದರ ಪ್ರಕಾರ 18ರೊಳಗೆ ಮಕ್ಕಳ ರಕ್ಷಣಾ ಇಲಾಖೆಯ ತನಿಖೆಗೆ ಒಳಗಾಗುವವರು ಒಟ್ಟಾರೆ ನೂರಕ್ಕೆ 37, ಕಪ್ಪು ಮಕ್ಕಳಲ್ಲಿ 53. ಅರ್ಧಕ್ಕಿಂತ ಹೆಚ್ಚು ಕಪ್ಪು ಮಕ್ಕಳ ಮನೆ ಬಾಗಿಲಿಗೆ ಒಮ್ಮೆಯಾದರೂ ಇಲಾಖೆಯವರು ಬಂದಿರುತ್ತಾರೆ ಎಂದಾಯಿತು.

1960ರ ಲೂಸಿಯಾನ

ಫಾಸ್ಟರ್ ಕೇರ್‌ಗೆ ಕೇಂದ್ರದ ಹಣ ಹರಿಯತೊಡಗಿದ ಕಥೆಯಲ್ಲೇ ಬಣ್ಣವಿದೆ. 1960ರಲ್ಲಿ ಲೂಸಿಯಾನ ರಾಜ್ಯ 'ಸೂಕ್ತ ಮನೆ' ಎಂಬ ನಿಯಮ ಬಿಗಿಮಾಡಿ, ಮದುವೆಯಾಗದೆ ಮಕ್ಕಳನ್ನು ಹೆತ್ತ ತಾಯಂದಿರ ಮನೆಗಳಿಗೆ ಮಾಸಿಕ ನೆರವು ನಿಲ್ಲಿಸಿತು. ಸುಮಾರು 23,000 ಮಕ್ಕಳ ಹೆಸರು ಪಟ್ಟಿಯಿಂದ ಹೋಯಿತು. ಬಹುಪಾಲು ಕಪ್ಪು ಮಕ್ಕಳು. ಗಲಾಟೆಯಾಯಿತು. ಆಗಿನ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಸಚಿವ ಆರ್ಥರ್ ಫ್ಲೆಮಿಂಗ್ ಹೊರಡಿಸಿದ ಆದೇಶದ ತಿರುಳು ಇಷ್ಟು: ಮನೆ ಸರಿಯಿಲ್ಲವೆಂದು ಹೇಳಿ ನೆರವು ನಿಲ್ಲಿಸಿ, ಮಗುವನ್ನು ಅದೇ ಮನೆಯಲ್ಲಿ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ. ಒಂದೋ ಮನೆ ಸರಿಪಡಿಸಿ, ಇಲ್ಲವೇ ಮಗುವನ್ನು ಬೇರೆಡೆ ಇಡಿ. ಬೇರೆಡೆ ಇಡುವ ಖರ್ಚಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1961ರಲ್ಲಿ ಹಣ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಮನೆ ಸರಿಪಡಿಸುವುದಕ್ಕಿಂತ ಮಗುವನ್ನು ಸಾಗಿಸುವುದು ಸುಲಭದ ದಾರಿಯಾಯಿತು.

ಆ ಬೇರು ಈಗಲೂ ಇದೆ. ಫಾಸ್ಟರ್ ಕೇರ್‌ನಲ್ಲಿರುವ ಮಗುವಿನ ಖರ್ಚಿನಲ್ಲಿ ಕೇಂದ್ರ ತನ್ನ ಪಾಲು ಕೊಡಬೇಕಾದರೆ, ಮಗು ಬಂದ ಮನೆ 1996ರಲ್ಲಿದ್ದ ನೆರವು ಯೋಜನೆಯ ಬಡತನದ ಮಿತಿಯೊಳಗೆ ಬರಬೇಕು. ಯೋಜನೆ ಸತ್ತು ದಶಕಗಳಾದರೂ ಅದರ ವರಮಾನದ ಮಿತಿ ಮಾತ್ರ ಬದುಕಿದೆ.

ಮೊದಲ ಬಾಗಿಲು: ಫೋನ್ ಕರೆ

1974ರ ಕಾಯ್ದೆ ಬಂದ ಮೇಲೆ ಎಲ್ಲ ರಾಜ್ಯಗಳಲ್ಲೂ ಶಿಕ್ಷಕರು, ವೈದ್ಯರು, ದಾದಿಯರು, ಪೊಲೀಸರು, ಮಗುವಿಗೆ ಹಿಂಸೆಯೋ ನಿರ್ಲಕ್ಷ್ಯವೋ ಆಗುತ್ತಿದೆ ಎಂಬ ಅನುಮಾನ ಬಂದರೆ, ಇಲಾಖೆಯ ದೂರು ಪಡೆಯುವ ಹಾಟ್‌ಲೈನ್‌ಗೆ ತಿಳಿಸಲೇಬೇಕು. ಪುರಾವೆ ಬೇಕಿಲ್ಲ, 'ಸಕಾರಣ ಅನುಮಾನ' ಸಾಕು. ತಿಳಿಸದಿದ್ದರೆ ಶಿಕ್ಷೆ, ತಪ್ಪು ಅನುಮಾನಕ್ಕೆ ಶಿಕ್ಷೆಯಿಲ್ಲ. ಹಾಗಾಗಿ ಎರಡು ಮನಸ್ಸಿದ್ದವರು ಫೋನ್ ಎತ್ತಿಯೇ ಬಿಡುತ್ತಾರೆ. ವರ್ಷಕ್ಕೆ ಸುಮಾರು 40 ಲಕ್ಷ ಕರೆಗಳು. ಅರ್ಧದಷ್ಟನ್ನು ಹಾಟ್‌ಲೈನಿನವರೇ ಕೈಬಿಡುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳೂ ಇದರ ಹೊರಗಲ್ಲ. ಮಗು ಶಾಲೆಯಲ್ಲಿ "ಅಪ್ಪ ಹೊಡೆದರು" ಎಂದರೆ ಟೀಚರ್ ಅದನ್ನು ಮನೆಯ ಮಾತು ಎಂದು ಬಿಡುವಂತಿಲ್ಲ.

ಈ ಬಾಗಿಲಲ್ಲಿ ಪೂರ್ವಗ್ರಹ ಕೆಲಸ ಮಾಡುತ್ತದೆಯೇ ಎಂಬುದನ್ನು ಪರೀಕ್ಷಿಸುವುದು ಕಷ್ಟ, ಏಕೆಂದರೆ ನಿಜವಾಗಿ ಏನು ನಡೆದಿತ್ತು ಎಂಬುದು ಕರೆಯ ಹೊರಗೆ ಗೊತ್ತಾಗಬೇಕು. ಗೊತ್ತಾದ ಸಂದರ್ಭವೊಂದು ಫ್ಲಾರಿಡಾದ ಪಿನೆಲಸ್ ಕೌಂಟಿಯದು. ಗರ್ಭಿಣಿಯರ ಮೂತ್ರದ ಮಾದರಿಗಳನ್ನು ಹೆಸರಿಲ್ಲದೆ ಪರೀಕ್ಷಿಸಿದರು. ಸರ್ಕಾರಿ ಕ್ಲಿನಿಕ್‌ನವರೂ ಖಾಸಗಿ ವೈದ್ಯರ ಬಳಿ ಹೋಗುವವರೂ ಸೇರಿ 715 ಮಂದಿ. ಮದ್ಯ ಅಥವಾ ಮಾದಕ ವಸ್ತುವಿನ ಕುರುಹು ಬಿಳಿಯರಲ್ಲಿ ನೂರಕ್ಕೆ 15.4, ಕಪ್ಪು ಮಹಿಳೆಯರಲ್ಲಿ 14.1. ಹೆಚ್ಚುಕಡಿಮೆ ಸಮ. ಆದರೆ ಅದೇ ಅವಧಿಯಲ್ಲಿ ಆರೋಗ್ಯ ಇಲಾಖೆಗೆ ವರದಿಯಾದವರನ್ನು ನೋಡಿದರೆ ಕಪ್ಪು ಮಹಿಳೆಯರ ಪ್ರಮಾಣ ಸುಮಾರು ಹತ್ತು ಪಟ್ಟು. 1990ರಲ್ಲಿ ಇದು ಪ್ರಕಟವಾಯಿತು.

ಪೂರ್ವಗ್ರಹದ ಪೆಟ್ಟು ಒಂದೇ ಕಡೆ ಬೀಳುವುದಿಲ್ಲ ಎಂಬುದನ್ನೂ ಹೇಳಬೇಕು. ದೊಡ್ಡವರ ಹಿಂಸೆಯಿಂದ ತಲೆಗೆ ಏಟಾದ ಮೂರು ವರ್ಷದೊಳಗಿನ ಮಕ್ಕಳ ಕಡತಗಳನ್ನು ಹಿಂದಿರುಗಿ ನೋಡಿದಾಗ, ಮೊದಲ ಭೇಟಿಯಲ್ಲಿ ವೈದ್ಯರು ಸುಮಾರು ಮೂರನೇ ಒಂದರಷ್ಟು ಪ್ರಕರಣಗಳನ್ನು ಗುರುತಿಸದೆ ಬಿಟ್ಟಿದ್ದು ಕಂಡಿತು. 1999ರ ಆ ಅಧ್ಯಯನದಲ್ಲಿ ಹೀಗೆ ತಪ್ಪಿಹೋದದ್ದು ಬಿಳಿಯ ಮಕ್ಕಳಲ್ಲಿ ಹೆಚ್ಚು, ಇತರರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ಅಪ್ಪ ಅಮ್ಮ ಇಬ್ಬರೂ ಇರುವ ಬಿಳಿಯರ ಮನೆ ಎಂದರೆ ಅನುಮಾನವೇ ಮೂಡುವುದಿಲ್ಲ. ಮಗು ಮತ್ತೆ ಅದೇ ಕೈಗೆ ಹೋಗುತ್ತದೆ.

ಎರಡನೆಯದು: ತನಿಖೆ, ಮತ್ತು 'ನಿರ್ಲಕ್ಷ್ಯ' ಎಂಬ ಪದ

ತನಿಖೆಗೆ ಬಂದ ಕೇಸ್‌ವರ್ಕರ್ ಮೊದಲು ಫ್ರಿಜ್ ತೆರೆದು ನೋಡುತ್ತಾರೆ. ನಲ್ಲಿಯಲ್ಲಿ ಬಿಸಿನೀರು ಬರುತ್ತದೆಯೇ, ಹೊಗೆ ಅಲಾರಂ ಕೆಲಸ ಮಾಡುತ್ತದೆಯೇ, ಮಕ್ಕಳಿಗೆ ಹಾಸಿಗೆ ಎಷ್ಟಿವೆ, ಔಷಧ ಕೈಗೆಟುಕುವಲ್ಲಿದೆಯೇ ಎಂದು ನೋಡುತ್ತಾರೆ. ಮಗುವಿನ ಮೈಮೇಲೆ ಗುರುತುಗಳಿವೆಯೇ ಎಂದೂ. ಈ ಪಟ್ಟಿಯಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲ ದುಡ್ಡಿದ್ದರೆ ಸರಿಹೋಗುವಂಥವು.

ಫಾಸ್ಟರ್ ಕೇರ್ ಎಂದರೆ ಹೊಡೆತ ಬಡಿತದಿಂದ ಪಾರು ಮಾಡುವುದು ಎಂಬ ಕಲ್ಪನೆ ಅಂಕಿಯ ಮುಂದೆ ನಿಲ್ಲುವುದಿಲ್ಲ. 2021ರಲ್ಲಿ ಮನೆಯಿಂದ ಹೊರತೆಗೆದ ಮಕ್ಕಳ ಕಡತಗಳಲ್ಲಿ ನೂರಕ್ಕೆ 63ರಲ್ಲಿ ಕಾರಣವಾಗಿ ನಿರ್ಲಕ್ಷ್ಯ ನಮೂದಾಗಿತ್ತು. ದೈಹಿಕ ಹಿಂಸೆ ಇದ್ದದ್ದು 12ರಲ್ಲಿ. ನಿರ್ಲಕ್ಷ್ಯ ಎಂದರೇನು? ಊಟ, ಬಟ್ಟೆ, ಸೂರು, ಚಿಕಿತ್ಸೆ, ಮೇಲ್ವಿಚಾರಣೆ ಕೊಡದಿರುವುದು. ಕೊಡಲು ಒಲ್ಲದವರಿಗೂ ಕೊಡಲು ಇಲ್ಲದವರಿಗೂ ಇದೊಂದೇ ಹೆಸರು. ಕೆಲವು ರಾಜ್ಯಗಳ ಕಾನೂನು ಬಡತನವೊಂದನ್ನೇ ನಿರ್ಲಕ್ಷ್ಯ ಎನ್ನಬಾರದು ಎಂದು ಹೇಳುತ್ತದೆ. ಆದರೆ ರಾತ್ರಿ ಪಾಳಿಗೆ ಹೋದ ತಾಯಿ ಒಂಬತ್ತು ವರ್ಷದ ಮಗಳ ಕೈಗೆ ತಮ್ಮನನ್ನು ಒಪ್ಪಿಸಿದ್ದು ಬಡತನವೋ ಮೇಲ್ವಿಚಾರಣೆಯ ಲೋಪವೋ ಎಂದು ಗೆರೆ ಎಳೆಯುವವರು ಅಲ್ಲಿ ನಿಂತಿರುವ ಕೇಸ್‌ವರ್ಕರೇ.

ಕಪ್ಪು ಮಕ್ಕಳಲ್ಲಿ ಬಡತನದ ಪ್ರಮಾಣ ಬಿಳಿಯ ಮಕ್ಕಳಿಗಿಂತ ಸುಮಾರು ಮೂರು ಪಟ್ಟು. ಹಾಗಾಗಿ ಬಡತನದ ವಾದ ಮಂಡಿಸುವ ಸಂಶೋಧಕರ ಮಾತಿಗೆ ತೂಕವಿದೆ. ಸಮನಾದ ಬಡತನದ ಕುಟುಂಬಗಳನ್ನೇ ಹೋಲಿಸಿದರೆ ಅಂತರ ಬಹಳಷ್ಟು ಕರಗುತ್ತದೆ, ಕೆಲವು ಲೆಕ್ಕದಲ್ಲಿ ಇಲ್ಲವಾಗುತ್ತದೆ ಎಂದು ಅವರು ತೋರಿಸಿದ್ದಾರೆ. ವರದಿಯಾಗಲಿ ಬಿಡಲಿ, ಮಕ್ಕಳ ಮೇಲಿನ ದೌರ್ಜನ್ಯವನ್ನೇ ಅಂದಾಜು ಮಾಡುವ ರಾಷ್ಟ್ರೀಯ ಸಮೀಕ್ಷೆಯ ಮೊದಲ ಮೂರು ಸುತ್ತುಗಳಲ್ಲಿ ಬಣ್ಣದ ವ್ಯತ್ಯಾಸ ಕಾಣದಿದ್ದರೂ, 2005-06ರ ನಾಲ್ಕನೇ ಸುತ್ತಿನಲ್ಲಿ ಕಪ್ಪು ಮಕ್ಕಳಲ್ಲಿ ಪ್ರಮಾಣ ಹೆಚ್ಚಿತ್ತು. ಅಗತ್ಯವೇ ಹೆಚ್ಚಿದ್ದಾಗ ಸಮಪಾಲು ಬರಲೆಂದು ಕಪ್ಪು ಮಕ್ಕಳಿಗೆ ರಕ್ಷಣೆ ಕಡಿಮೆ ಮಾಡಿದರೆ ಅದೇ ಅನ್ಯಾಯವಲ್ಲವೇ ಎಂಬುದು ಇವರ ಪ್ರಶ್ನೆ. ತಳ್ಳಿಹಾಕುವಂಥ ಪ್ರಶ್ನೆಯಲ್ಲ.

ಆದರೆ ಮುಂದಿನ ಬಾಗಿಲಿಗೆ ಹೋದಾಗ ಬಡತನದ ವಾದ ತೆಳುವಾಗುತ್ತದೆ. ಟೆಕ್ಸಾಸ್‌ನ ಕಡತಗಳ ಮೇಲೆ 2008ರಲ್ಲಿ ಬಂದ ಅಧ್ಯಯನದಲ್ಲಿ ಕೇಸ್‌ವರ್ಕರ್‌ಗಳು ಕಪ್ಪು ಕುಟುಂಬಗಳಿಗೆ ಕೊಟ್ಟ ಅಪಾಯದ ಅಂಕ ಬಿಳಿಯರದಕ್ಕಿಂತ ಕಡಿಮೆಯೇ ಇತ್ತು. ಹಾಗಿದ್ದರೂ ಮಗುವನ್ನು ಮನೆಯಿಂದ ತೆಗೆಯುವ ಸಂಭವ ಅವರಿಗೇ ಹೆಚ್ಚು. ಅಪಾಯ ಅಳೆಯುವ ಅಳತೆಗೋಲು ಒಂದೇ, ಆದರೆ 'ಇನ್ನು ಸಾಕು, ಮಗುವನ್ನು ಕರೆದೊಯ್ಯೋಣ' ಎನ್ನುವ ಗೆರೆ ಒಬ್ಬರಿಗೆ ಕೆಳಗೆ, ಒಬ್ಬರಿಗೆ ಮೇಲೆ.

ಅಜ್ಜಿಯ ಮನೆ ಮತ್ತು ಗಡಿಯಾರ

ಮಗುವನ್ನು ಕರೆದೊಯ್ದ ಮೇಲೆ ಎಲ್ಲಿಡುವುದು? ಬಂಧುಗಳ ಮನೆ ಮೊದಲ ಆಯ್ಕೆಯಾಗಬೇಕು ಎಂದು ಎಲ್ಲರೂ ಒಪ್ಪುತ್ತಾರೆ. ಲೈಸೆನ್ಸ್ ಪಡೆದ ಬಂಧುಗಳಿಗೂ ಅಪರಿಚಿತರಷ್ಟೇ ಭತ್ಯೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿತು. ಕಷ್ಟ ಇರುವುದು ಲೈಸೆನ್ಸಿನಲ್ಲಿ. ಮಲಗುವ ಕೋಣೆಯ ಅಳತೆ, ಕಿಟಕಿ, ಒಂದೊಂದು ಮಗುವಿಗೆ ಒಂದೊಂದು ಹಾಸಿಗೆ, ಅರ್ಜಿದಾರರ ಬೆರಳಚ್ಚಿನ ತಪಾಸಣೆ, ಮನೆಯ ಉಳಿದ ವಯಸ್ಕರ ಹಿನ್ನೆಲೆ. ಕಳೆದ ಐದು ವರ್ಷದಲ್ಲಿ ಮಾದಕ ವಸ್ತು ಸಂಬಂಧದ ಗಂಭೀರ ಅಪರಾಧ ಸಾಬೀತಾಗಿದ್ದರೆ ಲೈಸೆನ್ಸ್ ಇಲ್ಲ. ಪೊಲೀಸರ ಕಣ್ಣು ಹೆಚ್ಚಿರುವ ಬಡಾವಣೆಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವ ಅಜ್ಜಿ ಇಲ್ಲಿ ಎಡವುವುದು ಸಹಜ. ಬಂಧುಗಳಿಗೆ ಬೇರೆಯೇ, ಹಗುರವಾದ ಮಾನದಂಡ ಇಟ್ಟುಕೊಳ್ಳಲು ಕೇಂದ್ರ ರಾಜ್ಯಗಳಿಗೆ ಅವಕಾಶ ಕೊಟ್ಟದ್ದು 2023ರ ಸೆಪ್ಟೆಂಬರ್‌ನಲ್ಲಿ.

ಅಜ್ಜಿಯ ಮನೆ ತಪ್ಪಿದ್ದರ ಪರಿಣಾಮ ಮುಂದಿನ ಬಾಗಿಲಲ್ಲಿ ಕಾಣುತ್ತದೆ. 1997ರ ಕಾಯ್ದೆಯಂತೆ ಮಗು ಕಳೆದ 22 ತಿಂಗಳಲ್ಲಿ 15 ತಿಂಗಳು ಫಾಸ್ಟರ್ ಕೇರ್‌ನಲ್ಲಿದ್ದರೆ, ಹೆತ್ತವರ ಹಕ್ಕನ್ನೇ ರದ್ದುಮಾಡಲು ರಾಜ್ಯ ಕೋರ್ಟಿಗೆ ಅರ್ಜಿ ಹಾಕಬೇಕು. ಲೆಕ್ಕ ಶುರುವಾಗುವುದು ಮಗುವನ್ನು ಕರೆದೊಯ್ದ ದಿನದಿಂದಲ್ಲ. ದೌರ್ಜನ್ಯ ಅಥವಾ ನಿರ್ಲಕ್ಷ್ಯ ನಡೆದಿದೆಯೆಂದು ಕೋರ್ಟ್ ಹೇಳಿದ ದಿನ, ಇಲ್ಲವೇ ಕರೆದೊಯ್ದು 60 ದಿನವಾದದ್ದು, ಇವೆರಡರಲ್ಲಿ ಯಾವುದು ಮೊದಲೋ ಅಂದಿನಿಂದ. ಜನವರಿ 10ಕ್ಕೆ ಮಗು ಹೋಯಿತು ಎನ್ನಿ; ಗಡಿಯಾರ ತಡವಾದರೆ ಮಾರ್ಚ್ 11ಕ್ಕೆ ಶುರು, ಮರುವರ್ಷದ ಜೂನ್ 11ಕ್ಕೆ ಹದಿನೈದು ತಿಂಗಳು. ಅಷ್ಟರಲ್ಲಿ ತಾಯಿ ವ್ಯಸನದ ಚಿಕಿತ್ಸೆ ಮುಗಿಸಬೇಕು, ಕರೆದಾಗಲೆಲ್ಲ ಮೂತ್ರ ಪರೀಕ್ಷೆಗೆ ಹೋಗಬೇಕು, ಪೋಷಕರ ತರಗತಿಗೆ ಹಾಜರಾಗಬೇಕು, ಮೇಲ್ವಿಚಾರಣೆಯಲ್ಲಿ ಮಗುವನ್ನು ಭೇಟಿಮಾಡಬೇಕು, ಕೆಲಸವನ್ನೂ ಉಳಿಸಿಕೊಂಡು ಮನೆ ಹುಡುಕಬೇಕು. ಬಾಡಿಗೆ ನೆರವಿನ ಸರತಿ ಎಷ್ಟೋ ನಗರಗಳಲ್ಲಿ ಈ ಗಡುವಿಗಿಂತ ಉದ್ದ. ತಪ್ಪಿದ ಒಂದು ಬಸ್ಸು ಕಡತದಲ್ಲಿ 'ಭೇಟಿಗೆ ಗೈರು' ಎಂದಾಗುತ್ತದೆ.

ಕಾಯ್ದೆಯಲ್ಲಿ ಮೂರು ವಿನಾಯಿತಿಗಳಿವೆ: ಮಗು ಬಂಧುಗಳ ಬಳಿ ಇದ್ದರೆ, ಹಕ್ಕು ರದ್ದತಿ ಮಗುವಿಗೆ ಹಿತವಲ್ಲವೆಂಬ ಬಲವಾದ ಕಾರಣ ದಾಖಲಾಗಿದ್ದರೆ, ಕೊಡಬೇಕಿದ್ದ ಸೇವೆಯನ್ನು ಇಲಾಖೆಯೇ ಕೊಡದಿದ್ದರೆ. ಮೊದಲನೆಯದನ್ನು ಗಮನಿಸಿ. ಅಜ್ಜಿಯ ಮನೆಗೆ ಹೋಗಿದ್ದರೆ ಗಡುವು ಸಡಿಲವಾಗುತ್ತಿತ್ತು. ಕಿಟಕಿಯ ಅಳತೆಯಿಂದ ಅದು ತಪ್ಪಿ ಮಗು ಅಪರಿಚಿತರ ಮನೆಗೆ ಹೋದದ್ದರಿಂದ ಗಡಿಯಾರ ಓಡುತ್ತಲೇ ಇರುತ್ತದೆ. ಒಂದು ಬಾಗಿಲಿನ ಸಣ್ಣ ಅಂತರ ಮುಂದಿನ ಬಾಗಿಲಲ್ಲಿ ದೊಡ್ಡದಾಗುವುದು ಹೀಗೆ. ಎರಡನೆಯದನ್ನೂ ಮೂರನೆಯದನ್ನೂ ಕೋರ್ಟಿನಲ್ಲಿ ಎತ್ತಿ ಹೇಳಲು ವಕೀಲರು ಬೇಕು. ಹಕ್ಕು ರದ್ದತಿಯ ಪ್ರತಿ ಮೊಕದ್ದಮೆಯಲ್ಲೂ ಬಡ ಪೋಷಕರಿಗೆ ಸರ್ಕಾರಿ ವಕೀಲರನ್ನು ಕೊಡಲು ಸಂವಿಧಾನ ಕಡ್ಡಾಯಮಾಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ತೀರ್ಪಿತ್ತಿದೆ. ಹೆಚ್ಚಿನ ರಾಜ್ಯಗಳು ತಾವಾಗಿ ಕೊಡುತ್ತವೆ. ಗುಣಮಟ್ಟ ಒಂದೊಂದು ಕಡೆ ಒಂದೊಂದು ಥರ.

ಮಾಡಿನೋಡಿದ ಮದ್ದುಗಳು

ಬಹಳ ಸುದ್ದಿಯಾದದ್ದು ನ್ಯೂಯಾರ್ಕ್ ರಾಜ್ಯದ ನಾಸೌ ಕೌಂಟಿಯ ಪ್ರಯೋಗ. ಮಗುವನ್ನು ತೆಗೆಯಬೇಕೇ ಎಂದು ನಿರ್ಧರಿಸುವ ಸಮಿತಿಯ ಮುಂದೆ ಕಡತ ಇಡುವಾಗ ಹೆಸರು, ಬಣ್ಣ, ವಿಳಾಸ ಎಲ್ಲ ಅಳಿಸುತ್ತಾರೆ. 2010ರಿಂದ 2015ರೊಳಗೆ ಹೊರತೆಗೆದ ಮಕ್ಕಳಲ್ಲಿ ಕಪ್ಪು ಮಕ್ಕಳ ಪಾಲು ನೂರಕ್ಕೆ 57ರಿಂದ 21ಕ್ಕೆ ಇಳಿಯಿತು ಎಂದು ವರದಿಯಾಗಿ, 2020ರಲ್ಲಿ ಇಡೀ ರಾಜ್ಯಕ್ಕೆ ಇದೇ ಕ್ರಮ ಬಂತು. ನಂತರ ಮಿಶಿಗನ್‌ನ ದತ್ತಾಂಶ ಹಿಡಿದು ಅಳೆದವರಿಗೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಏಕೆಂಬುದು ಸುಲಭವಾಗಿ ಅರ್ಥವಾಗುತ್ತದೆ: ಸಮಿತಿಯ ಕಣ್ಣು ಕಟ್ಟಿದರೂ ಕಡತ ಬರೆದ ಕೇಸ್‌ವರ್ಕರ್ ಆ ಮನೆಗೆ ಹೋಗಿ ಬಂದವರು. ಅವರ ಪದಗಳಲ್ಲಿ ಏನು ತುಂಬಿದೆಯೋ ಅದೇ ಸಮಿತಿಗೆ ಸಿಗುವುದು. ಅಂತರ ಕರೆಯಲ್ಲೇ ಹುಟ್ಟಿದ್ದರಂತೂ ಈ ಮದ್ದು ಅಲ್ಲಿಗೆ ತಲುಪುವುದೇ ಇಲ್ಲ.

ಹಾಟ್‌ಲೈನ್ ಬಾಗಿಲಿಗೆ ಕಂಪ್ಯೂಟರ್ ಕೂರಿಸಿದ್ದು ಪಿಟ್ಸ್‌ಬರ್ಗ್ ಇರುವ ಅಲಿಗೇನಿ ಕೌಂಟಿ, 2016ರಲ್ಲಿ. ಕರೆ ಬಂದಾಗ ಆ ಕುಟುಂಬದ ಹಳೆಯ ಸರ್ಕಾರಿ ದಾಖಲೆಗಳನ್ನು ಜಾಲಾಡಿ 1ರಿಂದ 20ರವರೆಗೆ ಅಂಕ ಕೊಡುತ್ತದೆ; ತನಿಖೆ ಬೇಕೇ ಎಂದು ಮನುಷ್ಯರೇ ತೀರ್ಮಾನಿಸುತ್ತಾರೆ. ಇಲ್ಲಿನ ಪೇಚು ಸಾಫ್ಟ್‌ವೇರಿನದಲ್ಲ, ದಾಖಲೆಯದು. ಸರ್ಕಾರಿ ವಿಮೆಯಲ್ಲಿ ಖಿನ್ನತೆಗೆ ಚಿಕಿತ್ಸೆ ಪಡೆದವರ ಹೆಸರು ಕೌಂಟಿಯ ಕಂಪ್ಯೂಟರಿನಲ್ಲಿರುತ್ತದೆ. ಖಾಸಗಿ ವೈದ್ಯರಿಗೆ ಫೀಸು ಕೊಟ್ಟು ಅದೇ ಚಿಕಿತ್ಸೆ ಪಡೆದವರದು ಇರುವುದಿಲ್ಲ.

ಸದ್ದಿಲ್ಲದೆ ಫಲ ಕೊಟ್ಟದ್ದು ವಕೀಲರು. ನ್ಯೂಯಾರ್ಕ್ ನಗರದಲ್ಲಿ ಕೆಲವು ಪೋಷಕರಿಗೆ ಒಂಟಿ ವಕೀಲರ ಬದಲು ವಕೀಲ, ಸಮಾಜ ಕಾರ್ಯಕರ್ತೆ ಮತ್ತು ಇದೇ ಅನುಭವ ದಾಟಿ ಬಂದ ಪೋಷಕರೊಬ್ಬರು ಸೇರಿದ ತಂಡ ಸಿಗುತ್ತದೆ. 2019ರ ಅಧ್ಯಯನದಲ್ಲಿ ಅಂಥ ಮಕ್ಕಳು ಫಾಸ್ಟರ್ ಕೇರ್‌ನಲ್ಲಿ ಕಳೆದ ಕಾಲ ಸರಾಸರಿ ಸುಮಾರು ನಾಲ್ಕು ತಿಂಗಳು ಕಡಿಮೆ. ಅದರಿಂದ ಮಕ್ಕಳ ಸುರಕ್ಷತೆಗೆ ಧಕ್ಕೆಯಾಗಿರಲಿಲ್ಲ. ಇನ್ನೊಂದು ಮದ್ದು ಇಲಾಖೆಯ ಹೊರಗಿನದು. ಕನಿಷ್ಠ ಕೂಲಿ ಗಂಟೆಗೆ ಒಂದು ಡಾಲರ್ ಏರಿದ ಕಡೆ ನಿರ್ಲಕ್ಷ್ಯದ ದೂರುಗಳು ನೂರಕ್ಕೆ 9.6ರಷ್ಟು ಇಳಿದಿದ್ದನ್ನು 2017ರ ಅಧ್ಯಯನ ತೋರಿಸಿತು.

ನಮ್ಮಲ್ಲಿ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ, ವರಮಾನದ ಮಿತಿಯೊಳಗಿನ ವಿಧವೆ ತಾಯಿಯ ಜೊತೆಗೇ ಇರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡುವ ಏರ್ಪಾಡಿದೆ. ಮೊತ್ತ ಸಾಲದು ಎನ್ನಬಹುದು, ಆದರೆ ಹಣ ಹೋಗುವುದು ಮಗು ಇರುವ ಮನೆಗೆ. ಅಮೆರಿಕದಲ್ಲಿ ಅಪರಿಚಿತರ ಮನೆಗೆ ಮಾಸಿಕ ಭತ್ಯೆ ಹೋಗುತ್ತದೆ. ಎಷ್ಟೋ ಕಡೆ ಮಗುವಿನ ಖರ್ಚೆಂದು ಅದೇ ಬಡ ತಾಯಿಗೆ ಬಿಲ್ ಕಳಿಸುತ್ತಿದ್ದರು. ಹೀಗೆ ಮಾಡಬೇಡಿ ಎಂದು ಕೇಂದ್ರ ರಾಜ್ಯಗಳಿಗೆ ಸೂಚಿಸಿದ್ದು 2022ರಲ್ಲಿ.

ಮೂಲನಿವಾಸಿಗಳ ಕಾಯ್ದೆ

1969 ಮತ್ತು 1974ರ ಸಮೀಕ್ಷೆಗಳ ಪ್ರಕಾರ ಮೂಲನಿವಾಸಿ ಮಕ್ಕಳಲ್ಲಿ ನೂರಕ್ಕೆ 25ರಿಂದ 35ರಷ್ಟು ಮಂದಿಯನ್ನು ಮನೆಯಿಂದ ಬೇರ್ಪಡಿಸಲಾಗಿತ್ತು. ಅದರಿಂದ ಹುಟ್ಟಿದ 1978ರ ಇಂಡಿಯನ್ ಚೈಲ್ಡ್ ವೆಲ್‌ಫೇರ್ ಕಾಯ್ದೆ ಪ್ರತಿ ಬಾಗಿಲಲ್ಲೂ ಅಗಳಿ ಹಾಕುತ್ತದೆ. ಉಳಿದ ಮಕ್ಕಳ ವಿಷಯದಲ್ಲಿ ಇಲಾಖೆ 'ಸಮಂಜಸ ಪ್ರಯತ್ನ' ಮಾಡಿದರೆ ಸಾಕು. ಇಲ್ಲಿ 'ಸಕ್ರಿಯ ಪ್ರಯತ್ನ' ಬೇಕು. ಮೊದಲನೆಯದರಲ್ಲಿ ತಾಯಿಯ ಕೈಗೆ ಚಿಕಿತ್ಸಾ ಕೇಂದ್ರದ ಫೋನ್ ನಂಬರ್ ಕೊಟ್ಟು ಕಳಿಸಬಹುದು. ಎರಡನೆಯದರಲ್ಲಿ ಕೇಸ್‌ವರ್ಕರೇ ಫೋನ್ ಮಾಡಿ, ದಿನ ಗೊತ್ತುಮಾಡಿ, ಹೋಗಿಬರಲು ವಾಹನದ ವ್ಯವಸ್ಥೆ ಮಾಡಬೇಕು. ಬುಡಕಟ್ಟಿಗೆ ನೋಟಿಸ್ ಹೋಗಬೇಕು, ಬುಡಕಟ್ಟಿನ ರೀತಿ ಬಲ್ಲ ತಜ್ಞರು ಸಾಕ್ಷಿ ಹೇಳಬೇಕು. ಹೆತ್ತವರ ಹಕ್ಕು ರದ್ದಾಗಬೇಕಾದರೆ ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತ ಪುರಾವೆ ಬೇಕು. ಮಗುವನ್ನು ಇಡುವಾಗ ಮೊದಲು ಬಂಧುಗಳು, ನಂತರ ಬುಡಕಟ್ಟಿನವರು. ಇದು ಬಣ್ಣದ ಭೇದ ಎಂದು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2023ರ ಜೂನ್ 15ರಂದು 7-2ರಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಭೇದದ ಪ್ರಶ್ನೆಯನ್ನು ಮಾತ್ರ, ಕೇಳುವ ಅರ್ಹತೆ ಅರ್ಜಿದಾರರಿಗಿಲ್ಲ ಎಂದು, ತೀರ್ಮಾನಿಸದೆ ಬಿಟ್ಟಿತು.

ಕಪ್ಪು ಮಕ್ಕಳಿಗೆ ಇಂಥ ಕಾಯ್ದೆ ಇಲ್ಲ. ಅಷ್ಟೇ ಅಲ್ಲ, 1994 ಮತ್ತು 1996ರ ಕಾನೂನುಗಳಂತೆ ಮಗುವನ್ನು ಯಾರ ಮನೆಗೆ ಕಳಿಸಬೇಕೆಂಬ ತೀರ್ಮಾನವನ್ನು ಬಣ್ಣದ ಕಾರಣಕ್ಕೆ ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ಮೂಲನಿವಾಸಿಗಳ ವಿಷಯ ಬೇರೆ, ಅದು ಬುಡಕಟ್ಟಿನ ಸದಸ್ಯತ್ವದ ಪ್ರಶ್ನೆ ಎಂಬುದು ಕಾನೂನಿನ ತರ್ಕ.

ಮಿನೆಸೋಟ ರಾಜ್ಯ 2024ರಲ್ಲಿ 'ಸಕ್ರಿಯ ಪ್ರಯತ್ನ'ವನ್ನಷ್ಟೇ ಎರವಲು ಪಡೆದು, ಕಪ್ಪು ಮಕ್ಕಳಿಗೂ ಫಾಸ್ಟರ್ ಕೇರ್‌ನಲ್ಲಿ ಪಾಲು ಮೀರಿ ಕಾಣುವ ಇತರ ಸಮುದಾಯಗಳ ಮಕ್ಕಳಿಗೂ ಅನ್ವಯಿಸುವ ಕಾಯ್ದೆ ಮಾಡಿತು. ಇಡೀ ರಾಜ್ಯಕ್ಕೆ ಜಾರಿ 2027ರ ಜನವರಿ 1ರಿಂದ. ಅದು ಫಲ ಕೊಟ್ಟಿತೇ ಎಂದು ತಿಳಿಯಲು ಫಾಸ್ಟರ್ ಕೇರ್‌ನಲ್ಲಿರುವವರಲ್ಲಿ ಕಪ್ಪು ಮಕ್ಕಳು ನೂರಕ್ಕೆ ಎಷ್ಟು ಎಂದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಈ ಕಾಯ್ದೆಗೆ ಹಾಟ್‌ಲೈನ್ ಕರೆಗಳನ್ನು ಕಡಿಮೆ ಮಾಡುವ ಶಕ್ತಿಯಿಲ್ಲ. ಎಣಿಸಬೇಕಾದ್ದು ತನಿಖೆಯಲ್ಲಿ ದೂರು ದೃಢಪಟ್ಟ ನೂರು ಕಪ್ಪು ಮಕ್ಕಳಲ್ಲಿ ಎಷ್ಟು ಮಂದಿ ಮನೆ ಬಿಟ್ಟರು, ಬಿಟ್ಟವರಲ್ಲಿ ಎಷ್ಟು ಮಂದಿ ಹದಿನೈದು ತಿಂಗಳೊಳಗೆ ಮನೆಗೆ ಮರಳಿದರು ಎಂಬುದನ್ನು.